ಏರ್ ರೈಫಲ್ ಕೊಳ್ಳುವ ಮುಂಚೆ ಗಾಳಿ ಎಲ್ಲಿಂದ ತರುತ್ತೀರಿ ಹೇಳಿ

ಅಮೆರಿಕದ ವಿಡಿಯೊ ನೋಡಿ ನೋಡಿ ಪುಣೆಯ ನಮ್ಮ ಹುಡುಗರೂ ಈಗ ‘ಯಾವ ಸ್ಟೈಲಿನ ಸೆಮಿ ಆಟೊಮ್ಯಾಟಿಕ್ ರೈಫಲ್ ಒಳ್ಳೇದು, ಬಿಡಿಭಾಗ ತಂದು ಜೋಡಿಸೋದಾ, ರೆಡಿ ತಗೊಳ್ಳೋದಾ’ ಎಂದು ಕೇಳತೊಡಗಿದ್ದಾರೆ. ಇಲ್ಲಿ ಎರಡೂ ಇಲ್ಲ. 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್ ನಿಷೇಧಿತ ವರ್ಗಕ್ಕೆ ಸೇರಿದೆ. ಬಂದೂಕು ತಯಾರಿಸಲು 1959ರ ಕಾಯ್ದೆಯಡಿ ಬೇರೆಯೇ ಲೈಸೆನ್ಸ್ ಬೇಕು. ಅದಿಲ್ಲದೆ ಮನೆಯಲ್ಲಿ ಕೂತು ಕಟ್ಟಿದರೆ ಜೈಲು. ಕೊಡಗಿನವರ ಕೋವಿ ವಿನಾಯಿತಿಯನ್ನು ಇಲ್ಲಿಗೆ ಎಳೆದು ತರಬೇಡಿ, ಅದರ ದಾರಿಯೇ ಬೇರೆ.

ಲೈಸೆನ್ಸ್ ಇಲ್ಲದೆ ಕೈಗೆ ಸಿಗುವುದು ಏರ್ ರೈಫಲ್. ಬೋರ್ (ಬ್ಯಾರಲ್‌ನ ಒಳವ್ಯಾಸ) 0.177 ಇಂಚು, ಅಂದರೆ 4.5 ಮಿ.ಮೀ. ಮೀರಬಾರದು, ಪೆಲೆಟ್, ಅಂದರೆ ಅದರ ಸಣ್ಣ ಗುಂಡು, ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಬಾರದು. 0.22 ಬೋರಿನದು ಗಾಳಿಯದೇ ಆದರೂ ಲೈಸೆನ್ಸ್ ಬೇಕು. ಕೊಂಡಾಗ ಗುರುತಿನ ಚೀಟಿಯ ಪ್ರತಿ ಕೊಟ್ಟು, ಬಿಲ್ ಪಡೆದು, ಅದನ್ನು ಬಂದೂಕಿನ ಜೊತೆಗೇ ಇಡಿ. ಹಕ್ಕಿ ಹೊಡೆಯಲು ಬೇಕು ಎನ್ನುವವರು ಮುಂದೆ ಓದುವುದು ಬೇಡ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆ: ‘1000 ಎಫ್‌ಪಿಎಸ್’. ಸೆಕೆಂಡಿಗೆ ಸಾವಿರ ಅಡಿ, ಅಂದರೆ 305 ಮೀಟರ್. ಸ್ಪರ್ಧೆಗೆ ಬಳಸುವ ಮಾಮೂಲಿ ಸೀಸದ ಪೆಲೆಟ್ ತೂಕ 0.53 ಗ್ರಾಂ. ಅದು ನಿಜವಾಗಿ ಆ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ದಾಟುತ್ತದೆ, ಕಾನೂನಿನ ಗೆರೆಯೂ ದಾಟುತ್ತದೆ. ಹಾಗಾದರೆ ಡಬ್ಬಿಯ ಮೇಲಿನ ಸಂಖ್ಯೆ ಸುಳ್ಳೇ? ಸುಳ್ಳಲ್ಲ, ಚಾಲಾಕಿ. 0.33 ಗ್ರಾಂ ತೂಗುವ ಹಗುರ ಅಲಾಯ್ ಪೆಲೆಟ್ ಹಾಕಿ ಅಳೆದರೆ ಅದೇ ವೇಗಕ್ಕೆ 15 ಜೂಲ್ ಸಾಕು. ಅದೇ ಬಂದೂಕಿಗೆ ನೀವು ಸೀಸದ ಪೆಲೆಟ್ ಹಾಕಿದ ದಿನ ವೇಗ 240 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಇಳಿದರೆ ಒಳ್ಳೆಯದೇ. ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಸ್ಪರ್ಧೆಗೆ ಇಳಿಯುವ ರೈಫಲ್‌ಗಳು ಪೆಲೆಟ್ ಎಸೆಯುವುದೇ ಸೆಕೆಂಡಿಗೆ 170 ಮೀಟರ್ ಸುತ್ತಮುತ್ತ, ಹೆಚ್ಚೆಂದರೆ 8 ಜೂಲ್ ಶಕ್ತಿಯಲ್ಲಿ. ಕಾಗದ ತೂತು ಮಾಡಲು ಅಷ್ಟು ಸಾಕು. ವೇಗವನ್ನು ತಲೆಯಿಂದ ತೆಗೆದುಹಾಕಿದರೆ ಉಳಿಯುವುದು ಎರಡೇ ಪ್ರಶ್ನೆ: ಗಾಳಿ ಎಲ್ಲಿಂದ ಬರಬೇಕು, ಮತ್ತು ರೈಫಲ್ ನಿಮ್ಮ ಮೈಗೆ ಕೂಡುತ್ತದೆಯೇ.

ಸ್ಪ್ರಿಂಗ್ ಪಿಸ್ಟನ್ ರೈಫಲ್ ತನ್ನ ಗಾಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಬ್ಯಾರಲ್ ಮಡಚಿದರೆ ಒಳಗಿನ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುನ್ನುಗ್ಗಿ ಗಾಳಿಯನ್ನು ಪೆಲೆಟ್ ಹಿಂದೆ ತುರುಕುತ್ತದೆ. ಪಂಪಿಲ್ಲ, ಸಿಲಿಂಡರ್ ಇಲ್ಲ, ಖರ್ಚು ಕಡಿಮೆ. ತೊಂದರೆ ಏನೆಂದರೆ ಪೆಲೆಟ್ ಇನ್ನೂ ಬ್ಯಾರಲ್‌ನೊಳಗೆ ಇರುವಾಗಲೇ ಬಂದೂಕು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಅಲುಗಿರುತ್ತದೆ. ಬಿಗಿಯಾಗಿ ಹಿಡಿದಷ್ಟೂ ಹೊಡೆತ ಚದುರುತ್ತದೆ. ಅಂಗೈ ಅಗಲಿಸಿ, ರೈಫಲನ್ನು ಅದರ ಮೇಲೆ ಬರೀ ಕೂರಿಸಿ, ಪ್ರತಿ ಸಲ ಅದೇ ಜಾಗದಲ್ಲಿ ಕೂರಿಸಿ, ಅಲುಗಾಟಕ್ಕೆ ದಾರಿ ಬಿಡಬೇಕು. ಟೆಲಿಸ್ಕೋಪ್ ಹಾಕುವುದಾದರೆ ಏರ್‌ಗನ್‌ಗೆಂದೇ ಮಾಡಿದ್ದು ಬೇಕು. ಒಂದೇ ದಿಕ್ಕಿನ ಧಕ್ಕೆಗೆ ಮಾಡಿದ ಸ್ಕೋಪಿನ ಒಳಗಿನ ಗೆರೆ ಈ ಎರಡು ದಿಕ್ಕಿನ ಧಕ್ಕೆಗೆ ಕಿತ್ತುಬರುತ್ತದೆ.

ಇಂಥ ರೈಫಲ್ ಕೆಡುವುದು ಬಳಕೆಯಿಂದಲ್ಲ, ಅತಿ ಪ್ರೀತಿಯಿಂದ. ‘ಸ್ಮೂತ್ ಆಗಲಿ’ ಎಂದು ಹೊಲಿಗೆ ಮಿಷಿನ್ ಎಣ್ಣೆಯನ್ನು ಗಾಳಿ ಬರುವ ರಂಧ್ರಕ್ಕೆ ಬಿಡುವವರಿದ್ದಾರೆ. ಪಿಸ್ಟನ್ ಅದುಮಿದ ಗಾಳಿ ಬಿಸಿಯಾಗಿ ಆ ಎಣ್ಣೆ ಹೊತ್ತಿಕೊಳ್ಳುತ್ತದೆ: ಢಂ ಎಂಬ ಸದ್ದು, ಹೊಗೆ, ಸುಟ್ಟ ವಾಸನೆ. ನಾಲ್ಕು ಹೊಡೆತಕ್ಕೆ ಪಿಸ್ಟನ್ ಸೀಲ್ ಹಾಳು. ಪೆಲೆಟ್ ಹಾಕದೆ ಟ್ರಿಗರ್ ಒತ್ತುವುದೂ ಅಷ್ಟೇ ಕೆಟ್ಟದ್ದು, ತಡೆಯಲು ಗಾಳಿಯ ದಿಂಬಿಲ್ಲದ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ. ಪೆಲೆಟ್ ತುಂಬುವಾಗ ಬ್ಯಾರಲ್ಲನ್ನು ಒಂದು ಕೈ ಬಿಡಲೇಬಾರದು; ಕೊಂಡಿ ಜಾರಿದರೆ ಬ್ಯಾರಲ್ ಮೇಲೆ ಚಿಮ್ಮಿ ಬೆರಳು ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಜೇಬಿನಲ್ಲಿ ತೆಳು ಟಿಶ್ಯೂ ಕಾಗದ ಇಟ್ಟುಕೊಳ್ಳಿ. ಬೆರಳಗಲದ ಪಟ್ಟಿ ಹರಿದು ಬ್ಯಾರಲ್ ಕೂಡುವ ಸಂದಿನ ಮೇಲೆ ಹಗುರಾಗಿ ಇಟ್ಟು, ಪೆಲೆಟ್ ಹಾಕಿ ಒಂದು ಹೊಡೆತ ಹೊಡೆಯಿರಿ. ಕಾಗದ ಹಾರಿದರೆ ಬ್ರೀಚ್ ಸೀಲ್ ಸೋರುತ್ತಿದೆ. ಅದು ಸಣ್ಣ ರಬ್ಬರ್ ಉಂಗುರ, ಬದಲಿಸುವುದು ಸುಲಭ. ಆಮೇಲೆ ಬ್ಯಾರಲ್ ಅರ್ಧ ಮಡಚಿ ಎಡಬಲಕ್ಕೆ ಅಲುಗಿಸಿ ನೋಡಿ. ಅಲ್ಲಿ ಕಟಕಟ ಎಂದರೆ ಮಾತ್ರ ವ್ಯವಹಾರ ಬಿಟ್ಟು ಬನ್ನಿ. ಕೀಲು ಸವೆದ ರೈಫಲ್ ಪ್ರತಿ ಹೊಡೆತಕ್ಕೂ ಹೊಸ ಜಾಗದಲ್ಲಿ ಕೂರುತ್ತದೆ.

ಸ್ಪ್ರಿಂಗ್ ಬದಲು ಗ್ಯಾಸ್ ರಾಮ್ (ಒತ್ತಡದ ಅನಿಲ ತುಂಬಿ ಮುಚ್ಚಿದ ಕೊಳವೆ) ಇದ್ದರೆ ಅಲುಗಾಟ ಸ್ವಲ್ಪ ಚುಟುಕು. ಕೆಟ್ಟರೆ ರಿಪೇರಿಯಿಲ್ಲ, ಇಡೀ ಭಾಗ ಬದಲಿಸಬೇಕು.

ಇನ್ನು ಪಿಸಿಪಿ. ಮೊದಲೇ ತುಂಬಿಟ್ಟ ಗಾಳಿಯ ಸಿಲಿಂಡರ್, ಸಾಮಾನ್ಯವಾಗಿ 200 ಬಾರ್. ಅಡುಗೆ ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 1 ಬಾರ್‌ಗೆ ಎಂದು ನೆನಪಿಟ್ಟುಕೊಂಡರೆ ಆ ಒತ್ತಡ ಏನೆಂದು ತಿಳಿಯುತ್ತದೆ. ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ. ಸ್ಪರ್ಧೆಗೆ ಹೋಗುವವರ ಕೈಯಲ್ಲಿ ಇರುವುದೆಲ್ಲ ಇದೇ. ವಾಲ್ಥರ್, ಫೈನ್‌ವೆರ್ಕ್‌ಬಾವ್, ಸ್ಟೈಯರ್, ಆನ್‌ಶುಟ್ಸ್ ಎಲ್ಲವೂ. ದೇಶಿಯಲ್ಲಿ ಪ್ರೆಸಿಹೋಲ್ ಇದೆ. ಹ್ಯಾಮರ್ಲಿಯ ಎಆರ್20 ಥರದ ಕ್ಲಬ್ ರೈಫಲ್ ಎಡಗೈಯವರಿಗೂ ಬಲಗೈಯವರಿಗೂ ಕೂಡುವುದರಿಂದ ಮನೆಯಲ್ಲಿ ಇಬ್ಬರು ಮಕ್ಕಳು ಕಲಿಯುತ್ತಿದ್ದರೆ ಅದೇ ಜಾಣತನ.

ಆದರೆ ಆ 200 ಬಾರ್ ತುಂಬುವುದು ಯಾರು? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್‌ಗೇ ಸುಸ್ತು. ಪುಣೆಯ ಬಾಲೆವಾಡಿಯಲ್ಲೋ ಮುಂಬೈನ ವರ್ಳಿಯಲ್ಲೋ ಶೂಟಿಂಗ್ ರೇಂಜಿಗೆ ನಿತ್ಯ ಹೋಗುವವರು ಅಲ್ಲಿ ತುಂಬಿಕೊಳ್ಳಲು ಸಿಗುತ್ತದೆಯೇ ಎಂದು ರೈಫಲ್ ಕೊಳ್ಳುವ ಮುಂಚೆಯೇ ಕೇಳಬೇಕು. ಗೋವಾದವರಿಗೆ ಇನ್ನೊಂದು ದಾರಿ ಇದೆ: ಸ್ಕೂಬಾ ಸಿಲಿಂಡರಿನ ಗಾಳಿ ಉಸಿರಾಡಲೆಂದೇ ಒಣಗಿಸಿ ಸೋಸಿದ್ದು, ಒತ್ತಡವೂ ಸುಮಾರು ಅಷ್ಟೇ, ಸರಿಯಾದ ಅಡಾಪ್ಟರ್ ಇದ್ದರಾಯಿತು. ಆಕ್ಸಿಜನ್ ಸಿಲಿಂಡರ್ ಮಾತ್ರ ಯಾರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಒತ್ತಡದ ಆಕ್ಸಿಜನ್‌ಗೆ ಗ್ರೀಸ್ ತಾಗಿದರೆ ಸ್ಫೋಟ.

ಉಳಿದವರಿಗೆ ಹ್ಯಾಂಡ್ ಪಂಪ್. 200 ಸಿಸಿ ಸಿಲಿಂಡರನ್ನು 100 ಬಾರ್‌ನಿಂದ 200ಕ್ಕೆ ಏರಿಸಲು ಹೊರಗಿನ 20 ಲೀಟರ್ ಗಾಳಿಯನ್ನು ಒಳಗೆ ತುರುಕಬೇಕು. ನೂರರ ಆಸುಪಾಸು ಸ್ಟ್ರೋಕ್, ಕೊನೆಯ ಇಪ್ಪತ್ತಕ್ಕೆ ಇಡೀ ಮೈಭಾರ ಹಾಕಬೇಕು. ಇಲ್ಲೇ ನಮ್ಮ ಮಳೆಗಾಲ ಅಡ್ಡ ಬರುತ್ತದೆ. ಜುಲೈನಲ್ಲಿ 28 ಡಿಗ್ರಿ ಉಷ್ಣಾಂಶ, 90 ಶೇಕಡಾ ತೇವ ಇದ್ದರೆ ಆ 20 ಲೀಟರ್ ಗಾಳಿಯಲ್ಲಿ ಸುಮಾರು ಅರ್ಧ ಗ್ರಾಂ ನೀರಿರುತ್ತದೆ. ಅಷ್ಟು ಒತ್ತಿದಾಗ ಅದರಲ್ಲಿ ಬಹುಪಾಲು ಆವಿಯಾಗಿ ಉಳಿಯದೆ ಹನಿಯಾಗುತ್ತದೆ. ವಾರಕ್ಕೆ ಎರಡು ಸಲ ತುಂಬಿದರೆ ತಿಂಗಳಿಗೆ ನಾಲ್ಕು ಗ್ರಾಂ. ಪಂಪಿನ ಫಿಲ್ಟರ್ ಒಂದಿಷ್ಟು ಹಿಡಿಯುತ್ತದೆ. ಹಿಡಿಯದ್ದು ಪ್ರತಿ ಹೊಡೆತಕ್ಕೂ ಒಂದೇ ಒತ್ತಡದ ಗಾಳಿ ಬಿಡುವ ರೆಗ್ಯುಲೇಟರ್ ಒಳಗೆ ಕೂತು ತುಕ್ಕು ಹಿಡಿಸುತ್ತದೆ. ಐವತ್ತು ಸ್ಟ್ರೋಕಿಗೊಮ್ಮೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಬಿಚ್ಚಿ ನೀರು ಕಕ್ಕಿಸಿ, ಪಂಪ್ ತಣ್ಣಗಾದ ಮೇಲೆ ಮುಂದುವರಿಸಿ. ಫಿಲ್ಟರಿನ ಸಿಲಿಕಾ ಜೆಲ್ ಬಣ್ಣ ತಿರುಗಿದ ದಿನವೇ ಬದಲಿಸಿ. ಅವಸರದಲ್ಲಿ ತುಂಬಿದ ಸಿಲಿಂಡರ್ ಬಿಸಿಯಾಗಿ 200 ತೋರಿಸಿ, ಆರಿದ ಮೇಲೆ ಕೆಳಗಿಳಿಯುತ್ತದೆ. ಅದು ಸೋರಿಕೆಯಲ್ಲ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮತ್ತೆ ಇಳಿದಿದ್ದರೆ ಆಗ ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕಿ. ಬಹುತೇಕ ಸಲ ಸಿಗುವುದು ಸವೆದ ಓ-ರಿಂಗ್.

ಮೊದಲ ಹೊಡೆತ ಮಾತ್ರ ಬೇರೆ ಕಡೆ ಬಿದ್ದು ಉಳಿದವು ಒಂದೆಡೆ ಬೀಳುತ್ತಿದ್ದರೆ ರೆಗ್ಯುಲೇಟರ್ ನಿಧಾನವಾಗಿ ಜಿನುಗುತ್ತಿದೆ ಎಂದು ಶಂಕಿಸಬಹುದು. ರಾತ್ರಿಯೆಲ್ಲ ರೆಗ್ಯುಲೇಟರ್ ಮುಂದಿನ ಗಾಳಿಗೂಡಿನಲ್ಲಿ ಒತ್ತಡ ಏರಿ, ಬೆಳಗಿನ ಮೊದಲ ಪೆಲೆಟ್ ವೇಗವಾಗಿ ಹೋಗುತ್ತದೆ. ಅದನ್ನು ಬಿಚ್ಚುವುದು ಮನೆಗೆಲಸವಲ್ಲ.

ಹಳೆಯ ಪಿಸಿಪಿ ಕೊಳ್ಳುವಾಗ ರೈಫಲ್‌ಗಿಂತ ಮೊದಲು ಸಿಲಿಂಡರ್ ಮೇಲೆ ಕೆತ್ತಿದ ತಾರೀಖು ಓದಿ. ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಕೊಡುವ ಆಯುಷ್ಯ 10 ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಯ ತಪಾಸಣೆಯಲ್ಲಿ ಬೇಡವೆನ್ನಬಹುದು, ಹೊಸ ಸಿಲಿಂಡರ್ ಅಗ್ಗವೂ ಅಲ್ಲ.

ಈಗ ಮೈಯ ಲೆಕ್ಕ. ಸ್ಪರ್ಧೆಯಲ್ಲಿ ರೈಫಲ್ ತೂಕದ ಮಿತಿ 5.5 ಕೆ.ಜಿ.; ಹನ್ನೆರಡರ ಹುಡುಗಿಗೆ ಅಷ್ಟು ಭಾರ ಹೊರಿಸಿದರೆ ಅವಳ ಸೊಂಟ ವಾಲಿ ಹೋಗುತ್ತದೆ. ಬಟ್ಟನ್ನು, ಅಂದರೆ ಬಂದೂಕಿನ ಹಿಂತುದಿಯನ್ನು, ಮೊಣಕೈ ಮಡಿಕೆಗೆ ಒತ್ತಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ಬೆರಳು ಚಾಚಬೇಕಾದರೆ ಬಟ್ಟಿನ ಉದ್ದ ಹೆಚ್ಚು. ಆಮೇಲೆ ಕಣ್ಣು ಮುಚ್ಚಿ ಕೆನ್ನೆ ಆನಿಸಿ, ಕುತ್ತಿಗೆ ಸಡಿಲ ಬಿಟ್ಟು, ಕಣ್ಣು ತೆರೆಯಿರಿ. ಗುರಿ ನೋಡುವ ಹಿಂದಿನ ಸೈಟಿನ ತೂತಿನ ನಡುವೆ ಮುಂದಿನ ಉಂಗುರ ಕಂಡರೆ ಸರಿ. ತಲೆ ಎತ್ತಬೇಕಾಯಿತೇ, ಕೆನ್ನೆಪಟ್ಟಿ ಎತ್ತರಿಸಿ. ಅದನ್ನು ಎತ್ತರಿಸಲು ಬರದ ರೈಫಲ್ ಎಷ್ಟೇ ಚಂದವಿದ್ದರೂ ಬೇಡ. ಮರದ ಬಟ್ಟಿನ ಹೊಳಪಿಗೆ ಮರುಳಾಗಿ ಇಲ್ಲೇ ಮೋಸ ಹೋಗುವವರು ಹೆಚ್ಚು. ಶಾಲಾ ಸ್ಪರ್ಧೆಗೆ ಮಗುವನ್ನು ಕಳಿಸುವವರು ಸೀಳಿನಲ್ಲಿ ನೋಡುವ ಓಪನ್ ಸೈಟೋ ತೂತಿನಲ್ಲಿ ನೋಡುವ ಪೀಪ್ ಸೈಟೋ ಎಂದು ಕೋಚ್ ಹತ್ತಿರ ಮೊದಲೇ ಕೇಳಿಕೊಳ್ಳಿ, ಎರಡೂ ಬೇರೆ ಬೇರೆ ವಿಭಾಗ.

ಕೊನೆಗೆ ಪೆಲೆಟ್, ಇಲ್ಲಿನ ಅಂಗಡಿಯವರ ಬಾಯಲ್ಲಿ ಛರ್ರಾ. ಚಪ್ಪಟೆ ತಲೆಯದ್ದೇ ಬೇಕು, ಕಾಗದದಲ್ಲಿ ದುಂಡಗೆ ತೂತು ಕತ್ತರಿಸುತ್ತದೆ. ಡಬ್ಬಿಯ ಮೇಲೆ 4.49, 4.50, 4.51 ಎಂದು ತಲೆಯ ಅಳತೆ ಇರುತ್ತದೆ. ನಿಮ್ಮ ಬ್ಯಾರಲ್‌ಗೆ ಯಾವುದು ಎಂದು ಹೊಡೆದೇ ತಿಳಿಯಬೇಕು. ಆಧಾರಕ್ಕೆ ಇಟ್ಟು ಪ್ರತಿಯೊಂದರಿಂದ ಐದೈದು ಹೊಡೆತದ ನಾಲ್ಕು ಗುಂಪು ಹೊಡೆದು, ಅತಿ ಚಿಕ್ಕ ಗುಂಪನ್ನಲ್ಲ, ನಾಲ್ಕರ ಸರಾಸರಿ ನೋಡಿ. ಗುರಿಯ ನಡುವಿನ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ., ಆದರೆ 4.5 ಮಿ.ಮೀ. ಪೆಲೆಟ್ ಅದನ್ನು ಅಂಚಿನಲ್ಲಿ ಮುಟ್ಟಿದರೂ ಹತ್ತೇ. ಅಂದರೆ ನಟ್ಟನಡುವಿನಿಂದ 2.5 ಮಿ.ಮೀ. ಒಳಗೆ ಬಿದ್ದರೆ ಸಾಕು. ಚೆನ್ನಾಗಿ ಕೂಡುವ ಅಳತೆ ಸಿಕ್ಕ ದಿನವೇ ಅದೇ ಬ್ಯಾಚ್ ನಂಬರಿನ ಐದಾರು ಡಬ್ಬಿ ಒಟ್ಟಿಗೆ ತಂದಿಡಿ, ಮುಂದಿನ ಬ್ಯಾಚ್ ಹಾಗೇ ಇರುತ್ತದೆಂದು ನಂಬುವಂತಿಲ್ಲ. ಜೇಬಿಗೆ ಸುರಿದುಕೊಂಡು ಓಡಾಡಬೇಡಿ, ಸೀಸ ಮೆತ್ತಗೆ, ಪೆಲೆಟ್‌ನ ಲಂಗದ, ಅಂದರೆ ಹಿಂಬದಿಯ ಟೊಳ್ಳು ಭಾಗದ, ಅಂಚು ಸೊಟ್ಟಗಾಗುತ್ತದೆ. ಚಹಾ ಕುಡಿಯುವ ಮುಂಚೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ.