ಕೋಟ್ಲಾದ ಆ ಒಂದು ಓವರ್

ಇವತ್ತು ಟಿವಿಯಲ್ಲಿ ಮತ್ತೆ 1999ರ ಭಾರತ-ಪಾಕಿಸ್ತಾನ ಟೆಸ್ಟ್, ದೆಹಲಿಯ ಕೋಟ್ಲಾ ಮೈದಾನದ್ದು.

ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101. ಆಮೇಲೆ 207ಕ್ಕೆ ಆಲೌಟ್. ಕುಂಬ್ಳೆ 26.3 ಓವರ್, 74 ರನ್, ಹತ್ತಕ್ಕೆ ಹತ್ತು ವಿಕೆಟ್.

ಹೈಲೈಟ್ಸ್‌ನಲ್ಲಿ ಬರೀ ವಿಕೆಟ್‌ಗಳನ್ನೇ ಜೋಡಿಸಿರ್ತಾರೆ. ಒಂಬತ್ತು ಬಿದ್ದ ಮೇಲೆ ಶ್ರೀನಾಥ್ ಹಾಕಿದ ಓವರ್‌ಗೆ ಕತ್ತರಿ. ನೋಡಬೇಕಾದ್ದೇ ಅದು! ಚೆಂಡು ಆಫ್ ಸ್ಟಂಪಿನಿಂದ ದೂರ ದೂರ, ಬ್ಯಾಟಿಗೆ ಎಟುಕದ ಹಾಗೆ, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ. ವರ್ಷಗಟ್ಟಲೆ ವಿಕೆಟ್‌ಗೆಂದೇ ಓಡಿಬಂದ ಮೈಸೂರಿನ ವೇಗಿಗೆ ಅದೆಷ್ಟು ಕಷ್ಟದ ಕೆಲಸ.

ಆಮೇಲೆ ಕುಂಬ್ಳೆ ಎಸೆತಕ್ಕೆ ಕೊನೆಯವನಾಗಿ ಅಕ್ರಂ, ಬ್ಯಾಟರ್ ಪಕ್ಕದಲ್ಲೇ ಇರೋ ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್ ಕೈಗೆ.

ಅಂದಹಾಗೆ, ಹಳೇ ಚಿತ್ರ 4:3 ಅಳತೆಯದು. ಟಿವಿ ಅದನ್ನ 16:9ಕ್ಕೆ ಹಿಗ್ಗಿಸಿದ್ರೆ ಎಲ್ಲರೂ ದಪ್ಪಗೆ, ಕುಳ್ಳಗೆ ಕಾಣ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಸೈಜ್ 4:3 ಮಾಡ್ಕೊಳ್ಳಿ. ಕುಂಬ್ಳೆ ಎತ್ತರ, ಮೇಲಿಂದ ಇಳಿಯೋ ಆ ತೋಳು ಆಗಲೇ ಸರಿಯಾಗಿ ಕಾಣೋದು.