ಯಾವ ನಾಜಲ್ ಎಂದು ಕೇಳುವವರಿಗೆ

ಕೇಕಿನ ಮೇಲಿನ ಬಟರ್‌ಕ್ರೀಮ್ ಗುಲಾಬಿಯನ್ನು ಕಂಡವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಯಾವ ನಾಜಲ್ ಬಳಸುತ್ತೀರಿ?" ನಾಜಲ್ ಎಂದರೆ ಕ್ರೀಮ್ ಹಿಂಡುವ ಚೀಲದ (ಪೈಪಿಂಗ್ ಬ್ಯಾಗಿನ) ತುದಿಗೆ ಸಿಕ್ಕಿಸುವ ಮೂತಿ; ನನ್ನದು ಎಸಳು ಬಿಡಿಸುವ 104ನೇ ನಂಬರಿನದು. ಆದರೆ ಅದನ್ನೇ ಕೊಂಡುಹೋದವರು ವಾರದೊಳಗೆ ಮರಳಿ ಬಂದು ಎಸಳುಗಳು ಜೋತುಬೀಳುತ್ತವೆ ಎಂದು ದೂರುವುದರಿಂದ, ಈಚೆಗೆ ನಾನು ಬೆಣ್ಣೆಯ ಮಾತಿನಿಂದಲೇ ಉತ್ತರ ಆರಂಭಿಸುತ್ತೇನೆ.

ಬೆಣ್ಣೆ 'ರೂಮ್ ಟೆಂಪರೇಚರ್'ನಲ್ಲಿ ಇರಬೇಕೆಂದು ಎಲ್ಲ ಕಡೆ ಬರೆದಿರುತ್ತದೆ. ಹಾಗೆ ಬರೆದವರ ಕೋಣೆ 20 ಡಿಗ್ರಿಯ ಆಸುಪಾಸಿನದು. ನಮ್ಮ ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುತ್ತದೆ, ಬೆಣ್ಣೆಯಾದರೋ 35ರ ಹೊತ್ತಿಗೆ ಪೂರ್ತಿ ಕರಗಿರುತ್ತದೆ. ನನ್ನ ಮೊದಲ ಆರ್ಡರಿನ ದಿನ ಕರೆಂಟು ಹೋಗಿ, ಹನ್ನೆರಡು ಗುಲಾಬಿಗಳೂ ಕೇಕಿನ ಒಂದೇ ಬದಿಗೆ ಜಾರಿ ಗುಂಪುಗೂಡಿದವು. ಚಾಕೊಲೇಟ್ ತುರಿದು ಮುಚ್ಚಿ ಕಳುಹಿಸಿದೆ. ಆ ಮನೆಯವರು ಮತ್ತೆ ಆರ್ಡರ್ ಕೊಡಲಿಲ್ಲ.

ಅಂದಿನಿಂದ ಬೇಸಿಗೆಯಲ್ಲಿ ಬೆಳಗಿನ ಐದಕ್ಕೇ ಕೆಲಸಕ್ಕೆ ಕೂಡುತ್ತೇನೆ. ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ಒತ್ತಿದರೆ ಬೆರಳಿನ ಗುರುತು ಮೂಡಬೇಕು, ಆದರೆ ಬೆರಳಿಗೆ ಜಿಡ್ಡು ಹೊಳೆಯಬಾರದು. ಆಗ 250 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು ಬಿಳಚುವವರೆಗೆ ಬೀಟ್ ಮಾಡಿ, 500 ಗ್ರಾಂ ಐಸಿಂಗ್ ಶುಗರನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತೇನೆ. ಮನೆಯ ಮಿಕ್ಸಿಯಲ್ಲಿ ಬೀಸಿದ ಸಕ್ಕರೆಯ ಹರಳು ನಾಜಲಿನ ಕಿರಿದಾದ ತುದಿಯಲ್ಲಿ ಸಿಕ್ಕಿಕೊಂಡು ಎಸಳಿನ ಅಂಚನ್ನು ಹರಿಯುತ್ತದೆ. ಅಂಗೈಯ ಕಾವಿಗೂ ಕ್ರೀಮ್ ಸಡಿಲವಾಗುವುದರಿಂದ ಎರಡು ಪೈಪಿಂಗ್ ಬ್ಯಾಗುಗಳನ್ನು ಅರ್ಧರ್ಧ ಮಾತ್ರ ತುಂಬಿ, ಒಂದು ಕೈಯಲ್ಲಿರುವಾಗ ಇನ್ನೊಂದನ್ನು ಫ್ರಿಜ್ಜಿನಲ್ಲಿ ಇಡುತ್ತೇನೆ. ಅರ್ಧದಷ್ಟು ವನಸ್ಪತಿ ಬೆರೆಸಿದರೆ ಹೂವು ಹೆಚ್ಚು ಹೊತ್ತು ನಿಲ್ಲುವುದು ನಿಜ, ಆದರೆ ಅದು ಅಂಗುಳಿಗೆ ಮೆತ್ತಿಕೊಳ್ಳುವ ಬಗೆ ನನಗೆ ಸೇರುವುದಿಲ್ಲ.

ಇನ್ನು ಕೈಯ ಕೆಲಸ. ಮೊಳೆಯಂತಿರುವ, ಚಪ್ಪಟೆ ತಲೆಯ ಫ್ಲವರ್ ನೇಲ್ ಮೇಲೆ ಚೂರು ಕ್ರೀಮ್ ಹಚ್ಚಿ, ಬಟರ್ ಪೇಪರಿನ ಸಣ್ಣ ಚೌಕವನ್ನು ಅಂಟಿಸಿ, ನಡುವೆ ಗಟ್ಟಿಯಾದ ಗೋಪುರವೊಂದನ್ನು ಎಬ್ಬಿಸಬೇಕು. ನಾಜಲಿನ ಅಗಲ ತುದಿ ಕೆಳಗೆ, ಕಿರಿದು ಮೇಲೆ. ಗೋಪುರದ ತುದಿಗೆ ಒಂದು ಸುತ್ತು ಸುತ್ತಿದರೆ ಮೊಗ್ಗು. ಅದರ ಸುತ್ತ ನೆಟ್ಟಗೆ ಮೂರು ಎಸಳು, ಆಮೇಲೆ ತುಸು ಹೊರಬಾಗಿದ ಐದು, ಕೊನೆಗೆ ಇನ್ನಷ್ಟು ಅರಳಿದ ಏಳು. ಪ್ರತಿ ಎಸಳೂ ಹಿಂದಿನದರ ನಡುಭಾಗದಿಂದ ಹೊರಟು, ಕಮಾನಿನಂತೆ ಏರಿ ಇಳಿಯಬೇಕು. ಇಲ್ಲಿ ನಾನು ತಿಂಗಳುಗಟ್ಟಲೆ ತಪ್ಪುತ್ತಿದ್ದೆ: ಬ್ಯಾಗನ್ನೇ ಹೂವಿನ ಸುತ್ತ ಓಡಿಸುತ್ತಿದ್ದೆ. ಒಂದು ದಿನ ನೋಡುತ್ತ ಕುಳಿತಿದ್ದ ಅತ್ತೆ, "ರೊಟ್ಟಿ ಬಡಿವಾಗ ರೊಟ್ಟಿ ತಿರುಗ್ತದೋ, ನೀ ತಿರುಗ್ತೀಯೋ?" ಎಂದು ಕೇಳಿದರು. ಜೋಳದ ರೊಟ್ಟಿ ಬಡಿಯುವ ಕೈಗೆ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲ. ಬಲಗೈಯವರು ಬ್ಯಾಗನ್ನು ಒಂದೇ ಕಡೆ ಹಿಡಿದು, ಎಡಗೈ ಬೆರಳುಗಳ ನಡುವೆ ನೇಲ್ ಅನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಹೊರಳಿಸಬೇಕು.

ಸರಿಬಾರದ ಹೂವನ್ನು ಕೆರೆದು ಬಟ್ಟಲಿಗೆ ಹಾಕಿ, ತಣ್ಣಗಾದ ಮೇಲೆ ಅದೇ ಕ್ರೀಮಿನಲ್ಲಿ ಮತ್ತೆ ಅಭ್ಯಾಸ ಮಾಡಬಹುದು. ಸರಿಬಂದದ್ದನ್ನು ಪೇಪರಿನ ಸಮೇತ ತಟ್ಟೆಗೆ ಜಾರಿಸಿ, ಫ್ರೀಜರಿನಲ್ಲಿ ಇಪ್ಪತ್ತು ನಿಮಿಷ ಗಟ್ಟಿಯಾಗಿಸಿ, ಪೇಪರ್ ಬಿಡಿಸಿ ಕೇಕಿನ ಮೇಲೆ ಕೂಡಿಸುತ್ತೇನೆ. ಮೇ ತಿಂಗಳಲ್ಲಿ ಗುಲಾಬಿ ಕೇಕ್ ಕೇಳುವವರಿಗೆ ನನ್ನ ಷರತ್ತು ಒಂದೇ: ಬೆಳಿಗ್ಗೆ ಒಂಬತ್ತರೊಳಗೆ ಬಂದು ಒಯ್ಯಬೇಕು, ಕತ್ತರಿಸುವವರೆಗೆ ಫ್ರಿಜ್ಜಿನಲ್ಲಿ ಇಡಬೇಕು.