ಜರ್ಮನಿಯ ಟಿಯುಗಳಲ್ಲಿ ಪೋಸ್ಟ್‌ಡಾಕ್: ಸಹಿ ಹಾಕುವ ಮುನ್ನ

ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯಗಳ (ಟಿಯು) ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಯ, ಜಾಹೀರಾತಿನಲ್ಲಿ ಸಂಬಳ ಇಷ್ಟು ಯೂರೋ ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ‘ಟಿವಿ-ಎಲ್ ಇ13, ಶೇ. 100’ ಎಂದಿರುತ್ತದೆ. ಟಿವಿ-ಎಲ್ ಎಂದರೆ ಅಲ್ಲಿನ ರಾಜ್ಯ ಸರ್ಕಾರಿ ನೌಕರರ ವೇತನ ಒಪ್ಪಂದ; ಇ13 ಅದರಲ್ಲಿನ ಒಂದು ವೇತನ ಶ್ರೇಣಿ, ಶೇ. 100 ಎಂದರೆ ಪೂರ್ಣಾವಧಿ ಕೆಲಸ. ಮ್ಯೂನಿಕ್, ಡ್ರೆಸ್ಡೆನ್, ಆಖೆನ್‌ಗಳಲ್ಲಿ ಟಿವಿ-ಎಲ್ ಒಪ್ಪಂದವೇ ಜಾರಿಯಲ್ಲಿದೆ; ಡಾರ್ಮ್‌ಸ್ಟಾಟ್ ಟಿಯುಗೆ ತನ್ನದೇ ಒಪ್ಪಂದವಿದೆ. ಪ್ರೊಫೆಸರ್ ಜೊತೆ ಸಂಬಳದ ಚೌಕಾಸಿ ಮಾಡಿ ಫಲವಿಲ್ಲ. ನೀವು ನಿಜಕ್ಕೂ ಹಿಡಿದು ಕೇಳಬೇಕಾದದ್ದು ಇ13ರ ಒಳಗಿನ, ಅನುಭವದ ಮೇಲೆ ನಿಗದಿಯಾಗುವ ಹಂತವನ್ನು.

ಅನುಭವವಿಲ್ಲದವರು 1ನೇ ಹಂತ. ಆ ಕೆಲಸಕ್ಕೆ ಸಂಬಂಧಿಸಿದ 1 ವರ್ಷದ ಅನುಭವವಿದ್ದರೆ 2ನೇ ಹಂತ; 3 ವರ್ಷವಿದ್ದರೆ 3ನೇ ಹಂತ. ಬೇರೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳ ಅನುಭವವನ್ನೂ ಎಣಿಸಲು ಒಪ್ಪಂದದಲ್ಲೇ ಅವಕಾಶವಿದೆ. ನಮ್ಮವರು ಎಡವುವುದು ಇಲ್ಲೇ. ಜೆಆರ್‌ಎಫ್, ಎಸ್‌ಆರ್‌ಎಫ್ (ಜೂನಿಯರ್, ಸೀನಿಯರ್ ರಿಸರ್ಚ್ ಫೆಲೋ) ಅವಧಿ ಫೆಲೋಶಿಪ್, ನೌಕರಿಯಲ್ಲ ಎಂದು ಸಿಬ್ಬಂದಿ ವಿಭಾಗ ಪಕ್ಕಕ್ಕಿಡಬಹುದು. ‘ನಮ್ಮಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದರು’ ಎಂಬ ಒಂದು ಸಾಲಿನ ಪತ್ರದಿಂದ ಏನೂ ಆಗುವುದಿಲ್ಲ. ಪ್ರಾಜೆಕ್ಟ್ ಅಸೋಸಿಯೇಟ್, ರಿಸರ್ಚ್ ಅಸೋಸಿಯೇಟ್ ಆಗಿ ದುಡಿದಿದ್ದರೆ ಸಂಸ್ಥೆಯ ಲೆಟರ್‌ಹೆಡ್ ಮೇಲೆ ಸೇರಿದ ದಿನಾಂಕ, ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಮಾಡಿದ ಕೆಲಸ, ಇಷ್ಟೂ ಬರೆಸಿ, ಸಹಿ-ಸೀಲು ಹಾಕಿಸಿಕೊಳ್ಳಿ. ಕರಾರಿಗೆ ಸಹಿ ಹಾಕುವ ಮೊದಲೇ ಕಳಿಸಿಬಿಡಿ. ಆಮೇಲೆ ಹಂತ ಬದಲಿಸುವುದು ಬಹಳ ಕಷ್ಟ.

ಎರಡನೆಯದು, ಹಣ ಎಲ್ಲಿಂದ ಬರುತ್ತದೆ ಎಂಬುದು. ಸಂಕೋಚ ಬಿಟ್ಟು ಸಂದರ್ಶನದಲ್ಲೇ ಕೇಳಿ. ವಿಶ್ವವಿದ್ಯಾಲಯದ ಸ್ವಂತ ಬಜೆಟ್ಟಿನ ಹುದ್ದೆಯೋ, ಡಿಎಫ್‌ಜಿಯಂಥ (ಜರ್ಮನಿಯ ಸಂಶೋಧನಾ ಅನುದಾನ ಸಂಸ್ಥೆ) ಹೊರಗಿನ ಅನುದಾನದ್ದೋ? ಅನುದಾನದ್ದಾದರೆ ಯೋಜನೆ ಮುಗಿಯುವ ತಿಂಗಳು ಯಾವುದು? ‘2 ವರ್ಷ’ ಎಂದು ಜಾಹೀರಾತು ಕೊಟ್ಟ ಯೋಜನೆಯಲ್ಲಿ ನೇಮಕಾತಿ, ವೀಸಾ ತಡವಾದರೆ ನಿಮಗೆ ಉಳಿಯುವುದು 18 ತಿಂಗಳೇ ಇರಬಹುದು. ಯೋಜನೆಯ ಕೊನೆಯ ದಿನ ನಿಮಗಾಗಿ ಮುಂದಕ್ಕೆ ಹೋಗುತ್ತದೆಂದು ನಂಬಿ ಕೂರಬೇಡಿ.

ಇನ್ನೊಂದು ಮಿತಿ ಕಾನೂನಿನದು. ವೈದ್ಯಕೀಯ ಬಿಟ್ಟು ಉಳಿದ ವಿಷಯಗಳಲ್ಲಿ ಪಿಎಚ್‌ಡಿಗೆ ಮೊದಲು 6 ವರ್ಷ, ನಂತರ 6 ವರ್ಷ ತಾತ್ಕಾಲಿಕ ಕರಾರು ಕೊಡಬಹುದು. ಮೊದಲ 6ರಲ್ಲಿ ಉಳಿದದ್ದು ಎರಡನೆಯದಕ್ಕೆ ಸೇರುತ್ತದೆ. ಬೆಂಗಳೂರಿನಲ್ಲಿ 5 ವರ್ಷಕ್ಕೆ ಪಿಎಚ್‌ಡಿ ಮುಗಿಸಿದವರಿಗೆ 7 ವರ್ಷ ಸಿಗುವ ಲೆಕ್ಕ. ಪಿಎಚ್‌ಡಿ ನೋಂದಣಿಯ ದಿನಾಂಕ, ಪದವಿ ಸಿಕ್ಕ ದಿನಾಂಕ ಎರಡನ್ನೂ ಕೇಳುವುದು ಇದಕ್ಕೇ. ಮಕ್ಕಳಿದ್ದರೆ ಒಂದು ಮಗುವಿಗೆ 2 ವರ್ಷದಂತೆ ಮಿತಿ ಹಿಗ್ಗುತ್ತದೆ, ಆದರೆ ಕರಾರು ತಾನಾಗಿ ಹಿಗ್ಗುವುದಿಲ್ಲ.

ವೀಸಾಕ್ಕೆ ಕರಾರು ಅಥವಾ ವಿಶ್ವವಿದ್ಯಾಲಯದ ಆತಿಥ್ಯ ಒಪ್ಪಂದ ಬೇಕು. ವಿದೇಶಿ ಪದವಿಗಳ ಮಾಹಿತಿ ಕೊಡುವ ಜರ್ಮನಿಯ ಅನಾಬಿನ್ ಜಾಲತಾಣದಲ್ಲಿ ನೀವು ಓದಿದ ವಿಶ್ವವಿದ್ಯಾಲಯಕ್ಕೆ ‘ಹೆಚ್+’ (ಮಾನ್ಯತೆ ಇದೆ ಎಂಬ ಗುರುತು) ಇದೆಯೇ, ನಿಮ್ಮ ಪದವಿ ಅಲ್ಲಿ ನಮೂದಾಗಿದೆಯೇ ನೋಡಿ, ಪ್ರಿಂಟ್ ತೆಗೆದಿಡಿ. ಇಲ್ಲದಿದ್ದರೆ ಪದವಿಯ ಮೌಲ್ಯಮಾಪನ ಪತ್ರಕ್ಕೆ ಮೊದಲೇ ಅರ್ಜಿ ಹಾಕಿ.

ಕೆಲಸಕ್ಕೆ ಸೇರಿದ ಮೇಲೆ ಕೊಡುವ ಕಾಗದಗಳ ಕಟ್ಟಿನಲ್ಲಿ ವಿಬಿಎಲ್ ಎಂಬ ಪೂರಕ ಪಿಂಚಣಿಯ ಅರ್ಜಿ ಹುಡುಕಿ. ಆ ಪಿಂಚಣಿಯ ಹಕ್ಕು ಸಿಗಲು ಸಾಮಾನ್ಯವಾಗಿ 60 ತಿಂಗಳ ವಂತಿಗೆ ಬೇಕು. ಅಷ್ಟು ಕಾಲ ಇರಲಾರದ ತಾತ್ಕಾಲಿಕ ಸಂಶೋಧಕರು ಕಡ್ಡಾಯ ಯೋಜನೆಯಿಂದ ವಿನಾಯಿತಿ ಕೇಳಿ, ವಿಶ್ವವಿದ್ಯಾಲಯವೇ ವಂತಿಗೆ ತುಂಬುವ ಐಚ್ಛಿಕ ಯೋಜನೆಗೆ ಸೇರಬಹುದು. ಲಿಖಿತ ಅರ್ಜಿ ಕೊಡಲು ಗಡುವು ಸೇರಿದ ದಿನದಿಂದ 2 ತಿಂಗಳು.